ಸತ್ತ ಯೀಸ್ಟಿನ ರಸದಲ್ಲಿ ಎದ್ದ ಗುಳ್ಳೆಗಳು: ಕಿಣ್ವದ ಕಲ್ಪನೆ ಬೆಳೆದ ಬಗೆ

ಡಬ್ಬಿಯಲ್ಲಿಟ್ಟ ಸಕ್ಕರೆ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ; ಅದೇ ಸಕ್ಕರೆ ಜೀವಕೋಶದೊಳಗೆ 37 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಬೇಗನೆ ಒಡೆದು ಶಕ್ತಿ ಕೊಡುತ್ತದೆ. ಆಮ್ಲಜನಕದೊಡನೆ ಕೂಡಿದಾಗ ಹೊರಬರುವ ಶಕ್ತಿ ಎರಡೂ ಕಡೆ ಒಂದೇ, ಬೇರೆಯಾಗಿರುವುದು ವೇಗ ಮಾತ್ರ. ಕೋಶದೊಳಗೆ ಆ ವೇಗವನ್ನು ತರುವ ವಸ್ತುವೇ ಕಿಣ್ವ, ಅಂದರೆ ಎನ್‌ಜೈಮ್.

1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ, ಪಿಷ್ಟವನ್ನು ಸಕ್ಕರೆಯಾಗಿಸುವ ವಸ್ತುವನ್ನು ಮೊಳಕೆಯೊಡೆದ ಬಾರ್ಲಿಯಿಂದ ಬೇರ್ಪಡಿಸಿ ಡಯಾಸ್ಟೇಸ್ ಎಂದು ಕರೆದರು. ತಾನು ವ್ಯಯವಾಗದೆ ಕ್ರಿಯೆಯನ್ನು ನಡೆಸಿಕೊಡುವ ಇಂಥ ಗುಣಕ್ಕೆ 1835ರಲ್ಲಿ ಕೆಟಾಲಿಸಿಸ್ ಎಂಬ ಹೆಸರಿಟ್ಟವರು ಸ್ವೀಡನ್ನಿನ ಬರ್ಜೀಲಿಯಸ್. ಆದರೆ ಸಕ್ಕರೆ ಮದ್ಯಸಾರವಾಗಬೇಕಾದರೆ ಬದುಕಿರುವ ಯೀಸ್ಟ್ ಕೋಶವೇ ಬೇಕೆಂಬುದು ಲೂಯಿ ಪಾಶ್ಚರ್ ಅವರ ನಿಲುವಾಗಿತ್ತು, ಮತ್ತು ಅವರ ಪ್ರಯೋಗಗಳ ಬಲದಿಂದ ಆ ನಿಲುವು ದಶಕಗಳ ಕಾಲ ಗಟ್ಟಿಯಾಗಿ ನಿಂತಿತು.

ಅದನ್ನು ಅಲುಗಾಡಿಸಿದ್ದು ಬೇರೆ ಉದ್ದೇಶಕ್ಕೆ ಮಾಡಿದ ಕೆಲಸ. ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನೊಡನೆ ಅರೆದು, ಕೋಶಗಳನ್ನು ಒಡೆದು, ರಸ ಹಿಂಡಿ ತೆಗೆದಿದ್ದರು. ರಸ ಕೆಡದಿರಲೆಂದು ಅದಕ್ಕೆ ಸಕ್ಕರೆ ಬೆರೆಸಿದಾಗ ಗುಳ್ಳೆಗಳು ಏಳತೊಡಗಿದವು. ಒಂದೂ ಜೀವಂತ ಕೋಶವಿಲ್ಲದ ದ್ರವದಲ್ಲಿ ಹುದುಗುವಿಕೆ ನಡೆದಿತ್ತು. 1897ರಲ್ಲಿ ಪ್ರಕಟವಾದ ಈ ಶೋಧಕ್ಕೆ 1907ರ ನೊಬೆಲ್ ಪ್ರಶಸ್ತಿ ಬಂದಿತು. ಎನ್‌ಜೈಮ್ ಎಂಬ ಪದಕ್ಕೆ ಗ್ರೀಕ್ ಮೂಲದಲ್ಲಿ 'ಯೀಸ್ಟಿನೊಳಗೆ' ಎಂಬ ಅರ್ಥವಿದೆ. ಸಂಸ್ಕೃತದಿಂದ ಬಂದ ನಮ್ಮ ಕಿಣ್ವವೂ ಮೊದಲು ಮದ್ಯವನ್ನು ಹುದುಗಿಸುವ ವಸ್ತುವಿನ ಹೆಸರೇ ಆಗಿತ್ತೆಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ವೇಗದ ಗುಟ್ಟು ಮಾತ್ರ ಇನ್ನೊಂದು ದಿಕ್ಕಿನಿಂದ ಬಂದಿತು. ಅಣುಗಳು ಕ್ರಿಯೆಗೆ ತೊಡಗುವ ಮೊದಲು ಶಕ್ತಿಯ ಒಂದು ದಿಬ್ಬವನ್ನು ಹತ್ತಬೇಕೆಂದು 1889ರಲ್ಲಿ ಅರೇನಿಯಸ್ ವಿವರಿಸಿದರು. ದಿಬ್ಬದಾಚೆಯ ಇಳಿಜಾರು ಎಷ್ಟೇ ಆಳವಾಗಿರಲಿ, ದಿಬ್ಬ ಎತ್ತರವಾಗಿದ್ದರೆ ಸಕ್ಕರೆ ಡಬ್ಬಿಯಲ್ಲೇ ಉಳಿಯುತ್ತದೆ. ಕಿಣ್ವವು ಆರಂಭದ ಮತ್ತು ಕೊನೆಯ ಶಕ್ತಿಮಟ್ಟಗಳನ್ನು ಮುಟ್ಟದೆ, ನಡುವಿನ ದಿಬ್ಬವನ್ನಷ್ಟೇ ತಗ್ಗಿಸುತ್ತದೆ. ಹೀಗಾಗಿ ಅದು ಮುಂದಿನ ಕ್ರಿಯೆಯನ್ನೂ ಹಿಮ್ಮುಖ ಕ್ರಿಯೆಯನ್ನೂ ಒಂದೇ ಪ್ರಮಾಣದಲ್ಲಿ ಚುರುಕುಗೊಳಿಸುತ್ತದೆ, ಎರಡರ ವೇಗವೂ ಸಮವಾಗುವ ಸಮತೋಲನದ ಬಿಂದುವನ್ನು ಸರಿಸಲಾರದು.

ದಿಬ್ಬ ತಗ್ಗುವುದು ಹೇಗೆ? 1894ರಲ್ಲಿ ಎಮಿಲ್ ಫಿಷರ್ ಕೊಟ್ಟ ಬೀಗ ಮತ್ತು ಕೀಲಿಯ ಹೋಲಿಕೆ ಇಂದಿಗೂ ಪಾಠಪುಸ್ತಕಗಳಲ್ಲಿದೆ, ಆದರೆ ಅದರಲ್ಲೊಂದು ತೊಡಕಿದೆ: ಆರಂಭದ ಅಣುವಿಗೇ ಪೂರ್ತಿ ಹೊಂದುವ ಬೀಗವು ಅದನ್ನು ಹಿಡಿದಿಟ್ಟು, ಹತ್ತಬೇಕಾದ ಏರನ್ನು ಹೆಚ್ಚಿಸುತ್ತದೆ. ಕಿಣ್ವ ಅತ್ಯಂತ ಬಿಗಿಯಾಗಿ ಅಪ್ಪುವುದು ದಿಬ್ಬದ ತುದಿಯಲ್ಲಿ ಕ್ಷಣಮಾತ್ರ ಇರುವ ನಡುವಿನ ರೂಪವನ್ನು ಎಂದು 1940ರ ದಶಕದಲ್ಲಿ ಲೈನಸ್ ಪೌಲಿಂಗ್ ವಾದಿಸಿದರು. ಆ ನಡುವಿನ ರೂಪವನ್ನು ಹೋಲುವಂತೆ ತಯಾರಿಸಿದ ಅಣುಗಳು ಕಿಣ್ವಗಳಿಗೆ ಅಸಾಧಾರಣ ಬಿಗಿತದಿಂದ ಅಂಟಿಕೊಳ್ಳುವುದು ಮುಂದೆ ಕಂಡುಬಂದಿತು.