ಗೇಣಿಯ ಕಾರಿಗೆ ಒಡೆಯನ ಸಿಂಗಾರ

ಏರ್ ಫಿಲ್ಟರ್ ಹಿಂಡಿದರೆ ನೀರು ಸುರಿಯಿತು. ಚೆಂಡಿಯಾದ ಬಳಿ ಹೆದ್ದಾರಿಯ ಮೇಲೆ ನಿಂತಿದ್ದ ಮಳೆನೀರಿನಲ್ಲಿ ಆ ಕಾರು ಸಾಗಿದ್ದು ಇಪ್ಪತ್ತು ಮೀಟರ್ ಇರಬಹುದು. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಹಿಂದೆ ಬಂದ ಸಣ್ಣ ಕಾರುಗಳು ನಿಧಾನವಾಗಿ ದಾಟಿಕೊಂಡು ಮನೆ ಸೇರಿದವು. ಈ ಸ್ಪೋರ್ಟ್ಸ್ ಕಾರು ಮಾತ್ರ ನಡುನೀರಿನಲ್ಲಿ ನಿಂತುಬಿಟ್ಟಿತು. ಅದನ್ನು ಎಳೆಸಿಕೊಂಡು ಕಾರವಾರಕ್ಕೆ ತಂದಾಗ ನಾನು ವಿಮೆಯ ಸರ್ವೇಗೆ ಹೋದೆ.

"ಎಂಜಿನ್ ರಕ್ಷಣೆಗೂ ಬೇರೆ ಪ್ರೀಮಿಯಂ ಕಟ್ಟಿದ್ದೇನೆ ಸಾಹೇಬರೇ, ಚಿಂತೆ ಇಲ್ಲ ತಾನೆ?" ಎಂದು ಹುಡುಗ ಕೇಳಿದ. ಶಿರಸಿ ಕಡೆಯವನು, ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ, ಇನ್ನೂ ಮೂವತ್ತು ದಾಟಿಲ್ಲ. ನಾನು ಬಂಪರಿನ ಕೆಳಗೆ ಟಾರ್ಚ್ ಹಾಯಿಸಿ ನೋಡುತ್ತಿದ್ದೆ. ಕಾರ್ಖಾನೆಯಲ್ಲಿ ಕೂರಿಸಿದ ಗಾಳಿಕೊಳವೆ ಅಲ್ಲಿರಲಿಲ್ಲ. ಅದರ ಜಾಗದಲ್ಲಿ ಹೊಳೆಯುವ ಅಲ್ಯೂಮಿನಿಯಂ ಕೊಳವೆಯೊಂದು ಬಂಪರಿನೊಳಗೆ ಇಳಿದಿತ್ತು. ಅದರ ಬಾಯಿ ನೆಲದಿಂದ ಒಂದೂವರೆ ಗೇಣು ಎತ್ತರದಲ್ಲಿತ್ತು.

"ಇದನ್ನು ಹಾಕಿಸಿದ್ದನ್ನು ಯಾರಿಗೆ ತಿಳಿಸಿದ್ದೀರಿ?"

"ಯಾರಿಗೆ ತಿಳಿಸಬೇಕು? ನನ್ನ ಕಾರು."

ಆರ್‌ಸಿ ತೋರಿಸಲು ಹೇಳಿದೆ. ಮಾಲೀಕರ ಹೆಸರಿನ ಜಾಗದಲ್ಲಿ ಇದ್ದದ್ದು ಒಂದು ಲೀಸಿಂಗ್ ಕಂಪನಿಯ ಹೆಸರು.

ಭಟ್ಕಳದಿಂದ ಕಾರವಾರದವರೆಗೆ, ಘಟ್ಟದ ಮೇಲೆ ಶಿರಸಿ, ಯಲ್ಲಾಪುರದವರೆಗೆ ಅಪಘಾತದ ವಾಹನಗಳ ಹಾನಿಯನ್ನು ಅಳೆಯುವುದು ನನ್ನ ಕೆಲಸ. ಹತ್ತು ವರ್ಷಗಳ ಹಿಂದೆ ಲೀಸ್ ಕಾರು ನನ್ನ ಕೈಗೆ ಬರುತ್ತಿದ್ದದ್ದು ಅಪರೂಪ. ಈಗ ಹಬ್ಬಕ್ಕೆ, ರಜೆಗೆ ಬೆಂಗಳೂರಿನಿಂದ ಊರಿಗೆ ಬರುವ ದುಬಾರಿ ಕಾರುಗಳಲ್ಲಿ ಲೀಸಿನವು ಆಗಾಗ ಕಾಣುತ್ತವೆ. ದೊಡ್ಡ ಮೊತ್ತವನ್ನು ಒಮ್ಮೆಲೇ ಹೂಡಬೇಕಾಗಿಲ್ಲ, ಮೂರು ವರ್ಷ ಓಡಿಸಿ ಹಿಂತಿರುಗಿಸಬಹುದು, ಮರುಮಾರಾಟದ ತಲೆನೋವಿಲ್ಲ. ಲೆಕ್ಕ ಹಾಕಿ ತೆಗೆದುಕೊಂಡರೆ ಲೀಸ್‌ನಲ್ಲಿ ತಪ್ಪೇನೂ ಇಲ್ಲ. ಶಕ್ತಿಶಾಲಿ ಕಾರಿನ ಮೇಲಿನ ಮೋಹವನ್ನೂ ನಾನು ಆಕ್ಷೇಪಿಸುವುದಿಲ್ಲ. ದೇವಿಮನೆ ಘಟ್ಟದ ತಿರುವುಗಳಲ್ಲಿ ಒಳ್ಳೆಯ ಸ್ಟಿಯರಿಂಗ್ ಕೈಗೆ ಏನು ಹೇಳುತ್ತದೆಂದು ನನಗೂ ಗೊತ್ತು. ನನ್ನ ತಕರಾರು ಒಂದೇ ಒಂದು ತಪ್ಪು ತಿಳಿವಳಿಕೆಯ ಬಗ್ಗೆ. ಅದನ್ನು ಎಷ್ಟು ಸಲ ಹೇಳಿದರೂ ತಲೆಗೆ ಹೋಗುತ್ತಿಲ್ಲವಾದ್ದರಿಂದ ಇಲ್ಲಿ ಎಳೆಎಳೆಯಾಗಿ ಹೇಳುತ್ತೇನೆ.

ಸಾಲದ ಕಂತು ಬೇರೆ, ಲೀಸಿನ ಬಾಡಿಗೆ ಬೇರೆ. ಎರಡೂ ತಿಂಗಳ ಐದನೇ ತಾರೀಕಿಗೆ ಅದೇ ಬ್ಯಾಂಕ್ ಖಾತೆಯಿಂದ ಹೋಗುವುದರಿಂದ ಜನ ಒಂದೇ ಎಂದು ತಿಳಿಯುತ್ತಾರೆ. ಸಾಲದಲ್ಲಿ ಕಾರು ನಿಮ್ಮದು, ಅದರ ಮೇಲೆ ಬ್ಯಾಂಕಿನ ಹಿಡಿತವಿದೆ. ಕಂತು ತೀರಿದ ದಿನ ಹಿಡಿತ ಬಿಡುತ್ತದೆ. ಲೀಸ್‌ನಲ್ಲಿ ಕಾರು ಅವರದು, ಓಡಿಸುವ ಹಕ್ಕು ಮಾತ್ರ ನಿಮ್ಮದು. ಕೊನೆಯ ಬಾಡಿಗೆ ಕಟ್ಟಿದ ದಿನ ನಿಮಗೆ ಏನೂ ಬರುವುದಿಲ್ಲ, ಕಾರು ಹೋಗುತ್ತದೆ. ಕೆಲವು ಒಪ್ಪಂದಗಳಲ್ಲಿ ಉಳಿಕೆ ಬೆಲೆ ಕೊಟ್ಟು ಕೊಂಡುಕೊಳ್ಳುವ ಅವಕಾಶವಿರುತ್ತದೆ. ಕೊಳ್ಳುವ ದಿನದವರೆಗೆ ಅದು ಅವರದೇ. ಆರ್‌ಸಿಯಲ್ಲಿ ಯಾರ ಹೆಸರಿರುತ್ತದೆ ಎಂಬುದು ಒಪ್ಪಂದದಿಂದ ಒಪ್ಪಂದಕ್ಕೆ ಬದಲಾಗಬಹುದು. ನಿಮ್ಮ ಹೆಸರೇ ಇದ್ದರೂ ಲೀಸ್ ಎಂಬ ನಮೂದು ಇದ್ದರೆ ನಾನು ಹೇಳುವ ಮಾತು ಅನ್ವಯಿಸುತ್ತದೆ.

ನಮ್ಮ ಜಿಲ್ಲೆಯವರಿಗೆ ಇದು ಯಾಕೆ ಕಷ್ಟ ಎಂದು ನಾನು ಯೋಚಿಸಿದ್ದೇನೆ. ನಮ್ಮಲ್ಲಿ ಬಹಳ ಮಂದಿಯ ಅಜ್ಜಂದಿರು ಗೇಣಿದಾರರು. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ ಒಡೆತನ ಕೋರುವ ಫಾರಂ 7 ಅರ್ಜಿ ತುಂಬಿ, ನ್ಯಾಯಮಂಡಳಿಯ ಮುಂದೆ ನಿಂತು, ಗೇಣಿ ಕೊಡುತ್ತಿದ್ದ ಗದ್ದೆಗೆ ಒಡೆಯರಾದವರು. ಉಳುವವನೇ ಒಡೆಯ ಎಂಬ ಮಾತು ನಮ್ಮ ರಕ್ತದಲ್ಲಿದೆ, ಅದು ನ್ಯಾಯದ ಮಾತೂ ಹೌದು. ಆದರೆ ಅದು ನೆಲಕ್ಕೆ ಬಂದ ಕಾನೂನು. ಓಡಿಸುವವನೇ ಒಡೆಯ ಎಂದು ಕಾರಿಗೆ ಯಾವ ಕಾನೂನೂ ಇಲ್ಲ. ಶಿರಸಿಯವರಿಗೆ ನಾನು ತೋಟದ ಭಾಷೆಯಲ್ಲಿ ಹೇಳುತ್ತೇನೆ: ಅಡಿಕೆಯ ಫಸಲನ್ನು ಗುತ್ತಿಗೆ ಹಿಡಿದವನು ಕೊನೆ (ಗೊನೆ) ಕೊಯ್ಯಬಹುದು, ಮರ ಕಡಿಯಲಾಗದು. ಆ ಹುಡುಗನ ತಂದೆಗೆ ಇದು ಒಂದೇ ಸಲಕ್ಕೆ ಅರ್ಥವಾಯಿತು.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಯಾರೂ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 2(30)ನೇ ಕಲಮು ‘ಮಾಲೀಕ’ ಎಂದರೆ ಯಾರು ಎಂದು ಹೇಳುತ್ತದೆ. ವಾಹನ ಲೀಸ್ ಒಪ್ಪಂದದಲ್ಲಿದ್ದರೆ, ಆ ಒಪ್ಪಂದದ ಮೇರೆಗೆ ವಾಹನವನ್ನು ವಶದಲ್ಲಿ ಇಟ್ಟುಕೊಂಡವನೇ ಆ ಕಾಯ್ದೆಯ ಕಣ್ಣಿನಲ್ಲಿ ಮಾಲೀಕ. ಹಾಗಾದರೆ ನಾನು ಮಾಲೀಕನೇ ಅಲ್ಲವೇ ಎಂದು ಓದಿದವರೊಬ್ಬರು ನನ್ನೊಡನೆ ವಾದಿಸಿದ್ದರು. ಹೌದು, ಹೊಣೆ ಹೊರುವುದಕ್ಕೆ. ನಿಮ್ಮ ಕಾರು ದಾರಿಹೋಕನಿಗೆ ಗುದ್ದಿದರೆ ಪರಿಹಾರದ ಪ್ರಕರಣ ಹುಡುಕಿಕೊಂಡು ಬರುವುದು ನಿಮ್ಮನ್ನು. ಸ್ಪ್ರಿಂಗ್ ಕತ್ತರಿಸಿ ಕಾರು ಇಳಿಸಿದ್ದಕ್ಕೆ, ಸೈಲೆನ್ಸರ್ ಬದಲಿಸಿದ್ದಕ್ಕೆ ದಂಡ ಬಂದರೆ ಕಟ್ಟುವವರೂ ನೀವೇ. ಆದರೆ ಲೀಸಿಂಗ್ ಕಂಪನಿಗೂ ನಿಮಗೂ ನಡುವೆ ಸ್ವತ್ತು ಯಾರದ್ದು ಎಂಬ ಪ್ರಶ್ನೆಯನ್ನು ಆ ಕಲಮು ನಿಮ್ಮ ಪರವಾಗಿ ತೀರ್ಮಾನಿಸುವುದಿಲ್ಲ. ಹೊಣೆಗೆ ನೀವು ಮಾಲೀಕರು, ಹಕ್ಕಿಗೆ ಅಲ್ಲ. ಇಂಥ ಜಾಗದಲ್ಲಿ ನಿಂತವನು ಸ್ವಂತ ಕಾರಿನವನಿಗಿಂತ ಹೆಚ್ಚು ಎಚ್ಚರವಾಗಿರಬೇಕು. ನಾನು ನೋಡುತ್ತಿರುವುದು ಇದರ ತದ್ವಿರುದ್ಧ.

ಸಾರಿಗೆ ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ ಎಂದು ಬಂತು. ಬಣ್ಣವೂ ಆರ್‌ಸಿಯಲ್ಲಿ ನಮೂದಾಗಿರುತ್ತದೆ. ಬಿಳಿ ಕಾರಿಗೆ ಪೂರ್ತಿ ಹಸಿರು ಹಾಳೆ ಸುತ್ತಿಸುವವರು ಅದನ್ನು ನೆನಪಿಡಬೇಕು. ಆರ್‌ಟಿಒ ಕಚೇರಿಗೆ ಹೋಗಲು ಕಾರವಾರ, ಹೊನ್ನಾವರ, ಶಿರಸಿ ಎಲ್ಲವೂ ಹತ್ತಿರವೇ ಇವೆ, ಹೋಗಿ ಕೇಳಿ.

ವಿಮೆಯ ವಿಷಯದಲ್ಲಿ ನನಗೆ ಹೆಚ್ಚು ಹೇಳುವುದಿದೆ. ಲೀಸಿನ ಕಾರಿನ ಪಾಲಿಸಿಗೆ ಐಎಂಟಿ 6 ಎಂಬ ಅನುಬಂಧ ಅಂಟಿರುತ್ತದೆ. ಕಾರು ಪೂರ್ತಿ ಹಾಳಾದರೆ ಅಥವಾ ಕಳುವಾದರೆ ಹಣ ಮೊದಲು ಹೋಗುವುದು ಲೀಸ್ ಕೊಟ್ಟವರಿಗೆ ಎಂಬುದು ಅದರ ಸಾರ. ಪ್ರೀಮಿಯಂ ನೀವು ಕಟ್ಟಿದ್ದರೂ ಅಷ್ಟೇ. ಲೆಕ್ಕಕ್ಕೆ ಒಂದು ಉದಾಹರಣೆ ತೆಗೆದುಕೊಳ್ಳಿ: ಶೋರೂಂ ಬೆಲೆ 80 ಲಕ್ಷ, ಕಾರಿಗೆ ಒಂದೂವರೆ ವರ್ಷ. ರೂಢಿಯ ಸವಕಳಿ ಪಟ್ಟಿಯಂತೆ ಶೇ. 20 ಕಳೆದರೆ ವಿಮಾ ಮೌಲ್ಯ 64 ಲಕ್ಷ. ಲೀಸ್ ಅರ್ಧದಲ್ಲೇ ಮುರಿದದ್ದಕ್ಕೆ ಕಂಪನಿ ಕೇಳುವ ಮೊತ್ತ 70 ಲಕ್ಷ ಎಂದಿಟ್ಟುಕೊಳ್ಳಿ. 64 ಅವರಿಗೇ ಹೋಗುತ್ತದೆ, ಉಳಿದ 6 ನಿಮ್ಮ ಜೇಬಿನಿಂದ. ಇನ್‌ವಾಯ್ಸ್ ಬೆಲೆ ಕೊಡುವ ಆಡ್ ಆನ್ (ಹೆಚ್ಚುವರಿ ರಕ್ಷಣೆ) ಇದ್ದರೆ ಈ ಅಂತರ ತುಂಬಬಹುದು. ಆದರೆ ನೀವು 9 ಲಕ್ಷ ಸುರಿದು ಹಾಕಿಸಿದ ಚಕ್ರ, ಸೈಲೆನ್ಸರ್, ಸೀಟು, ಸ್ಪೀಕರ್ ಕಾರಿನ ಇನ್‌ವಾಯ್ಸ್‌ನಲ್ಲಿ ಇಲ್ಲ. ಪಾಲಿಸಿಯಲ್ಲೂ ಬರೆಸದಿದ್ದರೆ ನನ್ನ ವರದಿಯಲ್ಲಿ ಅವುಗಳ ಬೆಲೆ ಸೊನ್ನೆ. ಹಾಗೆ ಸೊನ್ನೆ ಬರೆಯುವಾಗ ನನಗೆ ಸಂತೋಷವಾಗುತ್ತದೆಂದು ಯಾರೂ ತಿಳಿಯಬೇಡಿ.

ಬರೆಸುವುದು ದೊಡ್ಡ ಕೆಲಸವೇನೂ ಅಲ್ಲ. ವಿದ್ಯುತ್ ಮತ್ತು ಎಲೆಕ್ಟ್ರಾನಿಕ್ ಸಾಮಾನಿಗೆ ಐಎಂಟಿ 24 ಎಂಬ ಅನುಬಂಧವಿದೆ. ಹಳೆಯ ದರಪಟ್ಟಿಯಂತೆ ಅವುಗಳ ಬೆಲೆಯ ಶೇ. 4 ಹೆಚ್ಚುವರಿ ಪ್ರೀಮಿಯಂ. ಒಂದು ಲಕ್ಷದ ಸ್ಪೀಕರ್‌ಗೆ ನಾಲ್ಕು ಸಾವಿರ. ಆ ನಾಲ್ಕು ಸಾವಿರ ಉಳಿಸಲು ಹೋಗಿ ಲಕ್ಷ ಕಳೆದುಕೊಂಡವರ ಕಡತಗಳು ನನ್ನ ಕಪಾಟಿನಲ್ಲಿವೆ.

ಶಕ್ತಿ ಹೆಚ್ಚಿಸಲು ಎಂಜಿನ್ನಿನ ಸಾಫ್ಟ್‌ವೇರ್ ಬದಲಿಸುವ ರೀಮ್ಯಾಪ್ ಮಾಡಿಸುವವರದು ಬೇರೆ ನಂಬಿಕೆ. ಸಾಫ್ಟ್‌ವೇರ್ ತಾನೆ, ಹಿಂತಿರುಗಿಸುವ ಮುನ್ನ ಹಳೆಯದನ್ನು ಹಾಕಿದರೆ ಯಾರಿಗೆ ತಿಳಿಯುತ್ತದೆ ಎನ್ನುತ್ತಾರೆ. ತಿಳಿಯುತ್ತದೆ. ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಎಷ್ಟು ಸಲ ಬರೆಯಲಾಗಿದೆ ಎಂಬ ಲೆಕ್ಕ ಹಲವು ಕಾರುಗಳಲ್ಲಿ ಒಳಗೇ ಉಳಿಯುತ್ತದೆ. ಫೋಕ್ಸ್‌ವ್ಯಾಗನ್ ಸಮೂಹದ ಕಾರುಗಳಲ್ಲಿ ಹೀಗೆ ಸಿಕ್ಕಿಬಿದ್ದ ಕಾರಿಗೆ ಟಿಡಿ1 ಎಂಬ ಗುರುತೇ ಬೀಳುತ್ತದೆ, ಆಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸಿನ ವಾರಂಟಿ ಕೇಳುವುದು ಕಷ್ಟ. ಸ್ವಂತ ಕಾರಾಗಿದ್ದರೆ ನಿಮ್ಮ ವಾರಂಟಿ ನೀವು ಕಳೆದುಕೊಂಡಿರಿ ಎನ್ನಬಹುದಿತ್ತು. ಲೀಸ್‌ನಲ್ಲಿ ಕಳೆದದ್ದು ಇನ್ನೊಬ್ಬರ ಸ್ವತ್ತಿನ ವಾರಂಟಿ. ಅದರ ಬೆಲೆಯನ್ನು ಅವರು ವಸೂಲು ಮಾಡದೆ ಬಿಡುವುದಿಲ್ಲ.

ಚೆಂಡಿಯಾದ ಕಾರಿಗೆ ಬರುತ್ತೇನೆ. ಅದನ್ನು ಲಾರಿಯ ಮೇಲೇರಿಸಿ ಅಧಿಕೃತ ವರ್ಕ್‌ಶಾಪಿಗೆ ಸಾಗಿಸಿ ಎಂಜಿನ್ ಬಿಚ್ಚಿಸಿದರು. ಎರಡು ಕನೆಕ್ಟಿಂಗ್ ರಾಡ್‌ಗಳು ಬಾಗಿದ್ದವು. ಪಿಸ್ಟನ್ ಗಾಳಿಯನ್ನು ಒತ್ತಬಲ್ಲದು, ನೀರನ್ನು ಒತ್ತಲಾರದು. ನೀರು ಜಗ್ಗದಿದ್ದಾಗ ರಾಡ್ ಬಾಗುತ್ತದೆ. ಕಾರ್ಖಾನೆಯವರು ಗಾಳಿಯ ಬಾಯಿಯನ್ನು ಮೇಲೆ ಇಟ್ಟು, ಕೊಳವೆಗೆ ಒಂದೆರಡು ತಿರುವು ಕೊಟ್ಟು, ಒಳಬಂದ ಹನಿ ಇಳಿದುಹೋಗಲು ದಾರಿ ಮಾಡಿರುತ್ತಾರೆ. ತಂಪು ಗಾಳಿ ಸಿಕ್ಕರೆ ನಾಲ್ಕು ಅಶ್ವಶಕ್ತಿ ಹೆಚ್ಚುತ್ತದೆ ಎಂದು ಅದನ್ನು ಕಿತ್ತು ಬಾಯಿಯನ್ನು ಕೆಳಗಿಳಿಸಿದರೆ, ಒಣ ಊರಿನ ರೇಸ್ ಟ್ರ್ಯಾಕಿನಲ್ಲಿ ಸರಿ. ವರ್ಷಕ್ಕೆ 3,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಅದು ನೀರು ಕುಡಿಯುವ ಕೊಳವೆ.

ನನ್ನ ವರದಿಯಲ್ಲಿ ಕಂಡದ್ದನ್ನು ಬರೆದೆ: ಘೋಷಿಸದ ಮಾರ್ಪಾಡು, ಹಾನಿಗೆ ಅದೇ ಕಾರಣ. ಕ್ಲೇಮ್ ಕೊಡುವುದು, ಬಿಡುವುದು ವಿಮಾ ಕಂಪನಿಯ ತೀರ್ಮಾನ, ಸರ್ವೇಯರನದಲ್ಲ. ಮಾರ್ಪಾಡಿಗೂ ಹಾನಿಗೂ ಸಂಬಂಧವೇ ಇಲ್ಲದಿದ್ದರೆ ಒಂದಿಷ್ಟು ಕಡಿತ ಮಾಡಿ ಉಳಿದದ್ದನ್ನು ಕೊಟ್ಟ ಉದಾಹರಣೆಗಳನ್ನೂ ನೋಡಿದ್ದೇನೆ. ಆದ್ದರಿಂದ ಪಾಲಿಸಿ ಓದದೆ, ಕಾರು ನೋಡದೆ ಯಾರ ಪ್ರಕರಣದ ಬಗ್ಗೆಯೂ ನಾನು ಭವಿಷ್ಯ ಹೇಳುವುದಿಲ್ಲ. ಈ ಪ್ರಕರಣದಲ್ಲಿ ಎಂಜಿನ್ನಿನ ಕ್ಲೇಮ್ ತಿರಸ್ಕೃತವಾಯಿತು. ಲೀಸಿಂಗ್ ಕಂಪನಿ ಕಾರನ್ನು ಮೂಲ ಸ್ಥಿತಿಗೆ ತಂದುಕೊಡಿ ಎಂದು ಪತ್ರ ಬರೆಯಿತು. ಮೂಲ ಗಾಳಿಕೊಳವೆ, ಸೈಲೆನ್ಸರ್, ಸ್ಪ್ರಿಂಗ್ ಎಲ್ಲಿ ಎಂದು ಕೇಳಿದೆ. ಹೊಸದನ್ನು ಹಾಕಿದ ಅಂಗಡಿಯವನಿಗೇ ಬಿಟ್ಟುಬಂದಿದ್ದಾನೆ, ಅವು ಗುಜರಿಗೆ ಹೋಗಿವೆ. ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕಾಯಿತು. ಆ ವರ್ಷದ ಅಡಿಕೆಯ ಹಣದಲ್ಲಿ ದೊಡ್ಡ ಪಾಲು ಅದಕ್ಕೇ ಹೋಯಿತೆಂದು ತಂದೆ ಹೇಳಿದರು. ಮಗನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹುಡುಗನಿಗೆ ಹಗುರವಾಗುತ್ತಿತ್ತೇನೋ.

ಸರಿಯಾಗಿ ಮಾಡಿದವರನ್ನೂ ಕಂಡಿದ್ದೇನೆ. ಗಲ್ಫ್‌ನಿಂದ ಭಟ್ಕಳಕ್ಕೆ ಮರಳಿದ ಒಬ್ಬರು ತಮ್ಮ ವ್ಯಾಪಾರದ ಹೆಸರಿನಲ್ಲಿ ಎರಡು ಸೀಟಿನ ಕಾರು ಲೀಸ್ ಪಡೆದರು. ಏನೇನು ಮಾಡಿಸಬೇಕೆಂದಿದ್ದಾರೋ ಪಟ್ಟಿ ಮಾಡಿ ಮೊದಲೇ ಲೀಸಿಂಗ್ ಕಂಪನಿಗೆ ಕಳುಹಿಸಿದರು. ಬಂದ ಉತ್ತರದಲ್ಲಿ ಕೆಲವಕ್ಕೆ ಒಪ್ಪಿಗೆ, ಕೆಲವಕ್ಕೆ ಇಲ್ಲ. ಒಪ್ಪಿದ್ದು ಪೇಂಟ್ ಮೇಲೆ ಪಾರದರ್ಶಕ ಹಾಳೆ, ಅದೇ ಅಳತೆಯ ಬೇರೆ ಚಕ್ರ, ಹೊಲಿಗೆ ಬಿಚ್ಚದೆ ತೊಡಿಸುವ ಸೀಟಿನ ಹೊದಿಕೆ. ಆ ಪತ್ರದ ನಕಲನ್ನು ವಿಮಾ ಕಂಪನಿಗೂ ಕೊಟ್ಟು ಚಕ್ರದ ಬೆಲೆ ಸೇರಿಸಿದರು. ಮೂಲ ಚಕ್ರಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ನಮ್ಮ ಉಪ್ಪುಗಾಳಿ ಎಂಥದ್ದೆಂದರೆ, ಸಂಜೆ ಕಡಲ ದಂಡೆಯಲ್ಲಿ ನಿಲ್ಲಿಸಿದ ಕಾರಿನ ಬ್ರೇಕ್ ಡಿಸ್ಕ್ ಬೆಳಗಾಗುವಷ್ಟರಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗಿರುತ್ತದೆ. ಮೂರು ವರ್ಷದ ನಂತರ ಆ ಹಾಳೆ ಸುಲಿದಾಗ ಕೆಳಗಿನ ಬಣ್ಣ ಶೋರೂಮಿನಿಂದ ಬಂದಂತೆಯೇ ಇತ್ತು. ಕಾರನ್ನು ವಾಪಸು ಕೊಡುವಾಗ ಅವರಿಂದ ಒಂದು ರೂಪಾಯಿಯೂ ಕಡಿತವಾಗಲಿಲ್ಲ.

ಒಪ್ಪಿಗೆ ಎಂದರೆ ಶೋರೂಮಿನ ಹುಡುಗ ಫೋನಿನಲ್ಲಿ ‘ಏನೂ ಆಗುವುದಿಲ್ಲ ಸರ್’ ಎಂದದ್ದಲ್ಲ. ಲೀಸ್ ಕೊಟ್ಟವರ ಸಹಿಯಿರುವ ಕಾಗದ. ಅದರಲ್ಲಿ ಪ್ರತಿ ಸಾಮಾನಿನ ಹೆಸರು, ಮತ್ತು ಕೊನೆಗೆ ಅದನ್ನು ತೆಗೆಯಬೇಕೋ ಬಿಡಬಹುದೋ ಎಂಬುದು ಬರೆದಿರಬೇಕು. ಬಿಟ್ಟುಕೊಟ್ಟರೆ ಅದರ ಹಣ ನಿಮಗೆ ಬರುವುದಿಲ್ಲವೆಂದು ತಿಳಿದೇ ಹಾಕಿಸಿ.

ಮೊನ್ನೆ ಆ ಶಿರಸಿಯ ಹುಡುಗ ಫೋನ್ ಮಾಡಿದ್ದ. ಮತ್ತೊಂದು ಕಾರನ್ನು ಲೀಸ್ ಪಡೆಯುತ್ತಿದ್ದಾನೆ. ಈ ಸಲ ಮಾರ್ಪಾಡುಗಳ ಪಟ್ಟಿಯನ್ನು ಕಂಪನಿಗೆ ಕಳುಹಿಸಿ, ಬಂದ ಉತ್ತರದ ಫೋಟೊ ನನಗೆ ಕಳುಹಿಸಿದ. ಏಳು ಸಾಲುಗಳಲ್ಲಿ ಐದಕ್ಕೆ ಒಪ್ಪಿಗೆ. ಹೊಡೆದುಹಾಕಿದ ಎರಡರಲ್ಲಿ ಒಂದು ಗಾಳಿಕೊಳವೆ. ಅದನ್ನು ಇನ್ನೊಮ್ಮೆ ಕೇಳಿ ನೋಡಲೇ ಎಂದ. ಬೇಡ, ಜೂನ್ ಹತ್ತಿರ ಬಂತು ಎಂದೆ.