ಬೆಲೆಯಿಲ್ಲದ ನೆಲಕ್ಕೆ ಬೆಲೆ ಬಂದಾಗ: ಬುಡಾಪೆಸ್ಟ್ ಮತ್ತು ಟಿರಾನಾ ಹರಡಿದ ಬಗೆ

ನಗರದ ನಡುಭಾಗದಿಂದ ಹೊರಗೆ ಹೋದಂತೆ ಜನಸಾಂದ್ರತೆ ಇಳಿಯುವುದು ಜಗತ್ತಿನ ಬಹುಪಾಲು ಊರುಗಳ ಲಕ್ಷಣ. ನಡುವಿನ ನೆಲ ದುಬಾರಿಯಾದ್ದರಿಂದ ಅಲ್ಲಿ ಕಡಿಮೆ ಜಾಗದಲ್ಲಿ ಹೆಚ್ಚು ಮಹಡಿಗಳು ಏಳುತ್ತವೆ. ಆದರೆ 1990ರ ದಶಕದಲ್ಲಿ ಮಾಸ್ಕೋ ನಗರವನ್ನು ಅಧ್ಯಯನ ಮಾಡಿದ ನಗರ ತಜ್ಞರಾದ ಅಲೆನ್ ಬೆರ್ತೋ ಮತ್ತು ಬರ್ಟ್ರಾಂಡ್ ರೆನೋ ಅವರಿಗೆ ಕಂಡದ್ದು ಇದರ ತದ್ವಿರುದ್ಧ: ಅಲ್ಲಿ ಅಂಚಿನತ್ತ ಹೋದಂತೆ ಜನಸಾಂದ್ರತೆ ಏರುತ್ತಿತ್ತು. ಸೋವಿಯತ್ ವ್ಯವಸ್ಥೆಯಲ್ಲಿ ನೆಲಕ್ಕೆ ಬೆಲೆಯೇ ಇಲ್ಲದ್ದರಿಂದ, ಊರೊಳಗಿನ ಹಳೆಯ ಕಾರ್ಖಾನೆಯೊಂದು ಎಕರೆಗಟ್ಟಲೆ ಜಾಗ ಹಿಡಿದುಕೊಂಡಿದ್ದರೂ ಅದಕ್ಕೆ ಖರ್ಚು ತಟ್ಟುತ್ತಿರಲಿಲ್ಲ, ಜಾಗ ಬಿಟ್ಟುಕೊಟ್ಟರೆ ಲಾಭವೂ ಇರಲಿಲ್ಲ. ಹಾಗಾಗಿ ಸರ್ಕಾರ ಹೊಸ ವಸತಿ ಕಟ್ಟಡಗಳನ್ನು ಖಾಲಿ ಬಯಲು ಸಿಕ್ಕಲ್ಲಿ, ಅಂದರೆ ಊರಿನ ಅಂಚಿನಲ್ಲಿ, ಕಾಂಕ್ರೀಟ್ ಫಲಕಗಳನ್ನು ಜೋಡಿಸಿ ಸಾಲುಸಾಲಾಗಿ ಕಟ್ಟಿತು. ಕೊನೆಯ ಕಟ್ಟಡ ದಾಟಿದರೆ ಅನೇಕ ಕಡೆ ಹೊಲಗಳೇ ಆರಂಭವಾಗುತ್ತಿದ್ದವು.

1989ರಲ್ಲಿ ಕಮ್ಯುನಿಸ್ಟ್ ಆಳ್ವಿಕೆಗಳು ಕುಸಿಯತೊಡಗಿದ ನಂತರ, ಹೀಗೆಯೇ ಬೆಳೆದಿದ್ದ ಪೂರ್ವ ಯುರೋಪಿನ ಅನೇಕ ನಗರಗಳು ಆ ಹೊಲಗಳತ್ತ ವೇಗವಾಗಿ ಹರಡಿದವು. ಕಾರು ಕೊಳ್ಳುವ ಅವಕಾಶ ಮತ್ತು ಕೈತೋಟವಿರುವ ಸ್ವಂತ ಮನೆಯ ಆಸೆ ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇದು ನಿಜವಾದರೂ, ಒಂದೊಂದು ನಗರ ಒಂದೊಂದು ರೀತಿ ಹರಡಿದ್ದೇಕೆ ಎಂಬುದನ್ನು ವಿವರಿಸುವುದಿಲ್ಲ. ಅದಕ್ಕೆ ಪರಿವರ್ತನೆಯ ಮೊದಲ ಎರಡು ಮೂರು ವರ್ಷಗಳಲ್ಲಿ ಬಂದ ಕಾನೂನುಗಳನ್ನೇ ನೋಡಬೇಕು.

ಹಂಗೇರಿಯಲ್ಲಿ 1990ರ ಸ್ಥಳೀಯ ಆಡಳಿತ ಕಾಯ್ದೆಯು ಪ್ರತಿಯೊಂದು ಹಳ್ಳಿಗೂ ತನ್ನದೇ ಚುನಾಯಿತ ಆಡಳಿತವನ್ನೂ, ತನ್ನ ಗಡಿಯೊಳಗಿನ ಭೂಬಳಕೆಯನ್ನು ನಿರ್ಧರಿಸುವ ಅಧಿಕಾರವನ್ನೂ ಕೊಟ್ಟಿತು. ದಶಕಗಳ ಕೇಂದ್ರೀಕೃತ ಆಳ್ವಿಕೆ ಕಂಡ ಜನರಿಗೆ ಇದು ಬಹು ದೊಡ್ಡ ಸ್ವಾತಂತ್ರ್ಯವಾಗಿತ್ತು. 1991ರ ಪರಿಹಾರ ಕಾಯ್ದೆಯಡಿ, ಹಿಂದಿನ ಆಳ್ವಿಕೆಯಲ್ಲಿ ಆಸ್ತಿ ಕಳೆದುಕೊಂಡಿದ್ದವರಿಗೆ ಪರಿಹಾರ ಪತ್ರಗಳು ದೊರೆತವು. ಅವುಗಳಿಂದ ಸಹಕಾರಿ ಕೃಷಿ ಸಂಘಗಳ ಭೂಮಿಯನ್ನು ಹರಾಜಿನಲ್ಲಿ ಕೊಳ್ಳಬಹುದಿತ್ತು. ನಗರದೊಳಗೆ ಸರ್ಕಾರಿ ಫ್ಲ್ಯಾಟುಗಳನ್ನು ಅವುಗಳ ಬಾಡಿಗೆದಾರರಿಗೇ ಮಾರುಕಟ್ಟೆ ಬೆಲೆಯ ಸಣ್ಣ ಪಾಲಿಗೆ ಮಾರಲಾಯಿತು. ಅಗ್ಗವಾಗಿ ಸಿಕ್ಕ ಫ್ಲ್ಯಾಟನ್ನು ಮಾರಿದ ಕುಟುಂಬಕ್ಕೆ ಹೊರವಲಯದಲ್ಲಿ ನಿವೇಶನ ಕೊಳ್ಳುವ ಹಣ ಕೈಗೆ ಬಂತು. ಅತ್ತ ಕೃಷಿಭೂಮಿಯನ್ನು ಬಡಾವಣೆಯಾಗಿ ಪರಿವರ್ತಿಸಲು ಹಳ್ಳಿಯ ಆಡಳಿತ ಕಾದಿತ್ತು, ಏಕೆಂದರೆ ಹೊಸ ನಿವಾಸಿಗಳಿಂದಲೂ ಹೊಸ ಉದ್ಯಮಗಳಿಂದಲೂ ಅದಕ್ಕೆ ತೆರಿಗೆಯ ಆದಾಯ ಬರುತ್ತಿತ್ತು. ರಾಜಧಾನಿ ಬುಡಾಪೆಸ್ಟಿನ ಪಶ್ಚಿಮದಲ್ಲಿ, ಎಂ1 ಮತ್ತು ಎಂ7 ಹೆದ್ದಾರಿಗಳು ಹಾದುಹೋಗುವ ಬುಡಾಯೋರ್ಶ್ ದೊಡ್ಡ ಮಳಿಗೆಗಳ ಪಟ್ಟಣವಾಗಿ ಬೆಳೆದದ್ದು ಹೀಗೆ. 1990ರಲ್ಲಿ ಸುಮಾರು 20 ಲಕ್ಷವಿದ್ದ ಬುಡಾಪೆಸ್ಟಿನ ಜನಸಂಖ್ಯೆ 2001ರ ಹೊತ್ತಿಗೆ 17.8 ಲಕ್ಷಕ್ಕೆ ಇಳಿಯಿತು. ಜನನಕ್ಕಿಂತ ಮರಣ ಹೆಚ್ಚಿದ್ದುದು ಒಂದು ಕಾರಣವಾದರೆ, ಸುತ್ತಲಿನ ಊರುಗಳಿಗೆ ನಡೆದ ವಲಸೆ ಮತ್ತೊಂದು.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಖಾಸಗೀಕರಣಕ್ಕಿಂತಲೂ ಈ ಚೂರಾದ ಅಧಿಕಾರ. ರಾಜಧಾನಿಯೊಳಗಿನ ಜಿಲ್ಲೆಗಳಿಗೂ ಪ್ರತ್ಯೇಕ ಆಡಳಿತಗಳಿದ್ದವು. ಇಡೀ ಮಹಾನಗರ ವಲಯದ ರಸ್ತೆ, ರೈಲು, ಹಸಿರು ಭೂಮಿಗಳನ್ನು ಒಟ್ಟಾಗಿ ನೋಡುವ ಬಲವುಳ್ಳ ಸಂಸ್ಥೆ ಇರಲಿಲ್ಲ. ವಲಯದ ಹರಡಿಕೆಗೆ ಮಿತಿ ಹಾಕುವ ಯೋಜನಾ ಕಾಯ್ದೆ ಬಂದದ್ದು 2005ರಲ್ಲಿ. ಅಷ್ಟರಲ್ಲಿ ಬಹಳಷ್ಟು ಹೊಲಗಳು ನಿವೇಶನಗಳಾಗಿದ್ದವು.

ಅಲ್ಬೇನಿಯಾದ ರಾಜಧಾನಿ ಟಿರಾನಾದಲ್ಲಿ ಅಂಥ ಸ್ಥಳೀಯ ಯೋಜನೆಯೂ ಕೆಲಸ ಮಾಡಲಿಲ್ಲ. ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೋಜಾನ ಆಳ್ವಿಕೆಯಲ್ಲಿ ಅನುಮತಿಯಿಲ್ಲದೆ ಊರು ಬದಲಿಸುವಂತಿರಲಿಲ್ಲ, ಖಾಸಗಿ ಕಾರಿಗೂ ನಿಷೇಧವಿತ್ತು. 1991ರ 7501ನೇ ಕಾನೂನು ಸಹಕಾರಿ ಸಂಘಗಳ ಭೂಮಿಯನ್ನು ರೈತ ಕುಟುಂಬಗಳಿಗೆ ತಲಾವಾರು ಹಂಚಿತು. ಉತ್ತರದ ಗುಡ್ಡಗಾಡಿನಲ್ಲಿ ಒಬ್ಬೊಬ್ಬರ ಪಾಲಿಗೆ ಬಂದ ತುಂಡು ನೆಲ ಹೊಟ್ಟೆಗೆ ಸಾಲದ್ದರಿಂದ, ಸಾವಿರಾರು ಕುಟುಂಬಗಳು ರಾಜಧಾನಿಯತ್ತ ಇಳಿದು, ಕಾಮ್ಜಾ ಬಳಿ ಹಿಂದೆ ಸರ್ಕಾರಿ ಕೃಷಿಕ್ಷೇತ್ರವಾಗಿದ್ದ ಬಾಥೋರೆಯ ಬಯಲಿನಲ್ಲಿ ಮನೆ ಕಟ್ಟಿಕೊಂಡವು. ಕೈಯಲ್ಲಿ ಹಣವಿದ್ದಷ್ಟು ಒಂದು ಮಹಡಿ ಎಬ್ಬಿಸಿ, ಮುಂದಿನದಕ್ಕೆ ಕಬ್ಬಿಣದ ಸರಳುಗಳನ್ನು ತಾರಸಿಯ ಮೇಲೆ ಚಾಚಿ ಬಿಡುವುದು ವಾಡಿಕೆಯಾಯಿತು. ಇವರನ್ನು ಅತಿಕ್ರಮಣಕಾರರೆಂದಷ್ಟೇ ಕರೆಯುವುದು ಅನ್ಯಾಯ. ಕಾನೂನುಬದ್ಧವಾಗಿ ನೆಲ ಕೊಡುವ ವ್ಯವಸ್ಥೆಯೇ ಅವರಿಗೆ ತೆರೆದಿರಲಿಲ್ಲ. 2006ರ ಕಾನೂನು ಇಂಥ ಮನೆಗಳನ್ನು ಸಕ್ರಮಗೊಳಿಸಲು ದಾರಿ ಮಾಡಿತು. ಆದರೆ ಹಕ್ಕುಪತ್ರವನ್ನು ಮನೆ ಕಟ್ಟಿದ ಮೇಲೂ ಕೊಡಬಹುದು. ಚರಂಡಿ, ರಸ್ತೆ, ಶಾಲೆಗಳಿಗೆ ಜಾಗವನ್ನೇ ಬಿಡದ ಬಡಾವಣೆಯಲ್ಲಿ ಅವನ್ನು ಆಮೇಲೆ ಒದಗಿಸುವುದು ಎಷ್ಟೋ ಪಟ್ಟು ಕಷ್ಟ, ಎಷ್ಟೋ ಪಟ್ಟು ದುಬಾರಿ.