‘ಬಿಯರ್ ಯಾಕೋ ಸರಿಯಿಲ್ಲ’ ಎಂದವರ ಮೇಜಿನಿಂದ

ತಾನೇ ಬಿಯರ್ ತಯಾರಿಸಿ ತನ್ನ ಮೇಜಿಗೇ ಬಡಿಸುವ ಬ್ರೂಪಬ್‌ನಲ್ಲಿ ಕುಡಿಯುವವರಿಗೂ ತಯಾರಿಸುವವರಿಗೂ ನಡುವಿನ ಅಂತರ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ. ಬಾಟಲಿಯ ಬಿಯರ್ ಕುಡಿದು ಮುಖ ಕಿವುಚಿದವರು ಯಾರನ್ನು ಕೇಳಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಇಲ್ಲಿಯಾದರೆ ಗಾಜಿನ ಗೋಡೆಯಾಚೆ ಹೊಳೆಯುವ ಟ್ಯಾಂಕುಗಳತ್ತ ಕೈ ತೋರಿಸಿ, ‘ಇದನ್ನು ಮಾಡಿದವರನ್ನು ಸ್ವಲ್ಪ ಕರೆಯಿರಿ’ ಎನ್ನುತ್ತಾರೆ. ಹಾಗೆ ಕರೆಸಿಕೊಳ್ಳುವ ಕೆಲಸದಲ್ಲಿ ನಾನು ಹಲವು ವರ್ಷಗಳನ್ನು ಕಳೆದಿದ್ದೇನೆ. ಆ ವರ್ಷಗಳಲ್ಲಿ ನನಗೆ ಮನವರಿಕೆಯಾದದ್ದು ಇಷ್ಟು: ಗ್ರಾಹಕರು ಹೇಳುವ ಕಾರಣ ಬಹುಪಾಲು ತಪ್ಪಿರುತ್ತದೆ, ಆದರೆ ಅವರು ಹೇಳುವ ಲಕ್ಷಣ ಬಹುಪಾಲು ಸರಿಯಾಗಿರುತ್ತದೆ. ‘ನೀರು ಬೆರೆಸಿದ್ದೀರಿ’ ಎಂಬುದು ಅವರ ಊಹೆ, ಅದನ್ನು ಪಕ್ಕಕ್ಕಿಡಬಹುದು. ‘ಸಪ್ಪೆಯಾಗಿದೆ’ ಎಂಬುದು ಅವರ ನಾಲಗೆಯ ವರದಿ, ಅದನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಬೇಕು.

‘ಸಪ್ಪೆ’ ಎಂಬ ದೂರಿನಷ್ಟು ಸಲ ನಾನು ಕೇಳಿದ ದೂರು ಇನ್ನೊಂದಿಲ್ಲ. ಸಾಮಾನ್ಯವಾಗಿ ಒಂದು ಲೀಟರ್ ಬಿಯರಿನಲ್ಲಿ ಸುಮಾರು ಎರಡೂವರೆ ಲೀಟರಿನಷ್ಟು, ತೂಕದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 5 ಗ್ರಾಂ, ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ದೂರು ಬಂದಾಗ ಟ್ಯಾಂಕಿನ ಒತ್ತಡದ ಮಾಪಕ ನೋಡಿದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ; ಮೇಜಿನ ಮೇಲಿನ ಬಿಯರ್ ಮಾತ್ರ ಸತ್ತಂತೆ ಕುಳಿತಿರುತ್ತದೆ. ಇಂಥ ಸಂದರ್ಭದಲ್ಲಿ ಟ್ಯಾಂಕನ್ನು ಬಿಟ್ಟು ಗ್ಲಾಸನ್ನು ನೋಡಬೇಕು. ನೊರೆಯೆಂಬುದು ಬಾರ್ಲಿಯ ಪ್ರೋಟೀನು ಮತ್ತು ಬಿಯರಿಗೆ ಕಹಿಯನ್ನೂ ಪರಿಮಳವನ್ನೂ ಕೊಡುವ ಹೂವಾದ ಹಾಪ್ಸ್‌ನ ಕಹಿ ಆಮ್ಲಗಳು ಸೇರಿ ಗುಳ್ಳೆಗಳ ಸುತ್ತ ಕಟ್ಟುವ ತೆಳು ಪೊರೆ. ಅದಕ್ಕೆ ಜಿಡ್ಡು ತಾಕಿದರೆ, ಅಥವಾ ಸರಿಯಾಗಿ ಜಾಲಿಸದ ಗ್ಲಾಸಿನಲ್ಲಿ ಸೋಪಿನ ಅಂಶ ಉಳಿದಿದ್ದರೆ, ಪೊರೆ ಒಡೆದು ನೊರೆ ನಿಮಿಷದೊಳಗೆ ಇಳಿಯುತ್ತದೆ. ಊಟದ ತಟ್ಟೆ ಉಜ್ಜಿದ ಸ್ಪಾಂಜಿನಲ್ಲೇ ಬಿಯರ್ ಗ್ಲಾಸನ್ನೂ ಉಜ್ಜುವ ಅಡುಗೆಮನೆಯಲ್ಲಿ ಎಂಥ ನಿಪುಣ ತಯಾರಿಸಿದ ಬಿಯರೂ ಸಪ್ಪೆಯೇ.

ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಸ್ವಚ್ಛವಾದ ಗ್ಲಾಸನ್ನು ನೀರಿನಲ್ಲಿ ಅದ್ದಿ ಎತ್ತಿದಾಗ ನೀರು ಒಂದೇ ಹಾಳೆಯಂತೆ ಇಳಿದುಹೋಗುತ್ತದೆ. ಜಿಡ್ಡಿರುವ ಕಡೆ ಅದು ಹನಿಹನಿಯಾಗಿ ಒಡೆದು ನಿಲ್ಲುತ್ತದೆ. ಒದ್ದೆ ಗ್ಲಾಸಿನ ಒಳಗೆ ಪುಡಿ ಉಪ್ಪು ಉದುರಿಸಿದರೆ ಸ್ವಚ್ಛ ಭಾಗಕ್ಕೆ ಸಮನಾಗಿ ಅಂಟಿಕೊಂಡು, ಜಿಡ್ಡಿನ ಭಾಗವನ್ನು ಬೋಳಾಗಿ ಬಿಡುತ್ತದೆ. ಮೇಜಿನ ಮುಂದೆ ಕುಳಿತವರಿಗೆ ಇವೆರಡೂ ಬೇಕಿಲ್ಲ. ಬಿಯರ್ ತುಂಬಿದ ಗ್ಲಾಸಿನ ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡಿದ್ದರೆ ಅಲ್ಲಿ ಕೊಳೆ ಇದೆಯೆಂದೇ ಅರ್ಥ. ಸ್ವಚ್ಛ ಗ್ಲಾಸಿನಲ್ಲಾದರೆ ಪ್ರತಿ ಗುಟುಕಿನ ನಂತರ ನೊರೆ ಒಂದೊಂದು ಬಳೆಯನ್ನು ಬಿಟ್ಟು ಕೆಳಗಿಳಿಯುತ್ತದೆ. ಖಾಲಿಯಾದ ಗ್ಲಾಸಿನ ಬಳೆಗಳನ್ನು ಎಣಿಸಿ ಅವರು ಎಷ್ಟು ಗುಟುಕಿನಲ್ಲಿ ಮುಗಿಸಿದರೆಂದು ಹೇಳಬಹುದು. ಸಂಜೆಯ ಹೊತ್ತು ಮೇಜುಗಳ ನಡುವೆ ನಡೆಯುವಾಗ ನಾನು ಮುಖಗಳಿಗಿಂತ ಮೊದಲು ನೋಡುವುದು ಈ ಬಳೆಗಳನ್ನು, ಆಮೇಲೆ ಅರ್ಧಕ್ಕೇ ಬಿಟ್ಟ ಗ್ಲಾಸುಗಳನ್ನು. ತುಟಿಬಣ್ಣ ಮತ್ತು ಕರಿದ ತಿಂಡಿಯ ಎಣ್ಣೆಯೂ ನೊರೆಯನ್ನು ಕೊಲ್ಲುತ್ತವೆ ಎಂಬುದನ್ನು ನ್ಯಾಯಕ್ಕಾಗಿ ಇಲ್ಲಿ ಸೇರಿಸಬೇಕು, ಆದರೆ ಅದನ್ನು ಗ್ರಾಹಕರ ಮುಂದೆ ಆಡಿ ತೋರಿಸುವಷ್ಟು ಧೈರ್ಯ ನನಗೆ ಎಂದೂ ಬಂದಿಲ್ಲ.

ಇದಕ್ಕೆ ತದ್ವಿರುದ್ಧವಾದ ದೂರು, ‘ಬಿಯರಿಗಿಂತ ನೊರೆಯೇ ಜಾಸ್ತಿ’ ಎಂಬುದು. ಎರಡು ಬೆರಳಿನಷ್ಟು ನೊರೆ ಇರಲೇಬೇಕು, ಪರಿಮಳ ಮೂಗಿಗೆ ತಲುಪುವುದು ಅದರ ಮೂಲಕವೇ. ಅಳತೆಯ ಗೆರೆಯಿರುವ, ಅಳತೆಗಿಂತ ದೊಡ್ಡದಾದ ಗ್ಲಾಸನ್ನು ಬಳಸಿದರೆ ಈ ಜಗಳವೇ ಹುಟ್ಟುವುದಿಲ್ಲ. ಆದರೆ ಗ್ಲಾಸಿನ ಅರ್ಧ ನೊರೆಯಾದರೆ ಅದು ಬಹುಮಟ್ಟಿಗೆ ಉಷ್ಣತೆಯ ಕಥೆ. ಬಿಯರ್ ಬೆಚ್ಚಗಾದಂತೆ ಅನಿಲವನ್ನು ಹಿಡಿದಿಟ್ಟುಕೊಳ್ಳುವ ಅದರ ಶಕ್ತಿ ಕುಂದುತ್ತದೆ. 3ರಿಂದ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಾಂತವಾಗಿ ಹರಿಯುವ ಬಿಯರ್, ದಾರಿಯಲ್ಲಿ ಬೆಚ್ಚಗಾದರೆ ನಲ್ಲಿಯ ಬಾಯಲ್ಲಿ ಸಿಡಿಯುತ್ತದೆ. ಹಿಮಗಟ್ಟಿದ ಗ್ಲಾಸಿಗೆ ಸುರಿದರೂ ಇದೇ ಫಲ, ಏಕೆಂದರೆ ಒಳಗೋಡೆಯ ಮಂಜಿನ ಹರಳುಗಳು ಅನಿಲವನ್ನು ಹೊರಗೆಳೆಯುತ್ತವೆ. ಫ್ರೀಜರಿನಿಂದ ತೆಗೆದ ಗ್ಲಾಸು ನೋಡಲು ಚೆಂದ ಎಂಬುದನ್ನು ಬಿಟ್ಟರೆ ಅದರಿಂದ ಬಿಯರಿಗೆ ಯಾವ ಉಪಕಾರವೂ ಇಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಟ್ಯಾಂಕಿನಿಂದ ನಲ್ಲಿಗೆ ಹೋಗುವ ಲೈನಿನ ಒಳವ್ಯಾಸ 6 ಮಿಲಿಮೀಟರ್ ಇದ್ದರೆ ಪ್ರತಿ ಮೀಟರಿನಲ್ಲಿ ಸುಮಾರು 28 ಮಿಲಿಲೀಟರ್ ಬಿಯರ್ ನಿಲ್ಲುತ್ತದೆ. ಲೈನು 10 ಮೀಟರ್ ಉದ್ದವಿದ್ದರೆ 280 ಮಿಲಿಲೀಟರ್. ರಾತ್ರಿ ಬಾಗಿಲು ಹಾಕಿದ ಮೇಲೆ ಆ ಬಿಯರ್ ಮರುದಿನದವರೆಗೆ ಪ್ಲಾಸ್ಟಿಕ್ ಕೊಳವೆಯಲ್ಲೇ ಕಾಯುತ್ತಿರುತ್ತದೆ. ಬಾಗಿಲು ತೆರೆದ ಕೂಡಲೇ ಬಂದು ಕುಳಿತ ಮೊದಲ ಗ್ರಾಹಕರು ನೊರೆ ಹೆಚ್ಚು, ರುಚಿ ಕಡಿಮೆ ಎಂದರೆ ಅವರ ಗ್ಲಾಸಿನಲ್ಲಿರುವುದು ಈ ನಿನ್ನೆಯ ಬಿಯರ್. ಪ್ರತಿ ನಲ್ಲಿಯ ಮೊದಲ ಗ್ಲಾಸನ್ನು ಮೋರಿಗೆ ಚೆಲ್ಲುವುದೊಂದೇ ಇದಕ್ಕೆ ಪರಿಹಾರ, ಮತ್ತು ಮಾಲೀಕರನ್ನು ಒಪ್ಪಿಸಲು ಇದರಷ್ಟು ಕಷ್ಟವಾದ ಪರಿಹಾರ ಬೇರೊಂದಿಲ್ಲ.

ರುಚಿಯ ದೂರುಗಳಿಗೆ ಬಂದಾಗ ಕನ್ನಡದಲ್ಲಿ ಮಾತನಾಡುವ ಗ್ರಾಹಕರು ನನ್ನ ಕೆಲಸವನ್ನು ಅರ್ಧ ಹಗುರ ಮಾಡುತ್ತಾರೆ. ನಮ್ಮಲ್ಲಿ ಕಹಿಗೊಂದು ಮಾತಿದೆ, ಒಗರಿಗೆ ಬೇರೆಯೇ ಮಾತಿದೆ. ‘ಕಹಿ ಜಾಸ್ತಿ’ ಎಂದರೆ ಅದು ಹಾಪ್ಸ್‌ನ ವಿಚಾರ. ಹಾಪ್ಸ್ ಧಾರಾಳವಾಗಿ ಹಾಕಿದ ಐಪಿಎ (ಇಂಡಿಯಾ ಪೇಲ್ ಏಲ್) ಕೇಳಿದವರಿಗೆ ಅದು ಸಲ್ಲಬೇಕಾದದ್ದೇ. ‘ಒಗರು’ ಎಂದರೆ ಮಾತ್ರ ನನಗೆ ಕಸಿವಿಸಿಯಾಗುತ್ತದೆ. ಮಾಲ್ಟನ್ನು, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು, ತೊಳೆದು ಸಿಹಿ ರಸ ಇಳಿಸುವಾಗ ನೀರಿನ ಉಷ್ಣತೆ 77 ಡಿಗ್ರಿ ದಾಟಿದರೆ, ಅಥವಾ ಕೊನೆಕೊನೆಗೆ ರಸದ ಪಿಎಚ್ 6ರ ಹತ್ತಿರ ಏರಿದರೆ, ಕಾಳಿನ ಹೊಟ್ಟಿನಿಂದ ಟ್ಯಾನಿನ್ ಇಳಿದು ಬಂದು ನಾಲಗೆಯನ್ನು ಒಣಗಿಸುತ್ತದೆ. ‘ಹಸಿ ವಾಸನೆ’ ಎಂದವರು ಹೇಳುತ್ತಿರುವುದು ಹೆಚ್ಚಾಗಿ ಅಸಿಟಾಲ್ಡಿಹೈಡ್ ಕುರಿತು, ಅಂದರೆ ಎಳೆಯ ಹಸಿರು ಸೇಬಿನ ನೆನಪು ತರುವ, ಯೀಸ್ಟ್ ತನ್ನ ಕೆಲಸ ಮುಗಿಸುವ ಮೊದಲೇ ಟ್ಯಾಂಕನ್ನು ತಣ್ಣಗಾಗಿಸಿದ್ದರಿಂದ ಉಳಿದುಬಿಟ್ಟ ವಾಸನೆ. ಬೇಯಿಸಿದ ಮೆಕ್ಕೆಜೋಳದ ವಾಸನೆಯಾದರೆ ಡೈಮಿಥೈಲ್ ಸಲ್ಫೈಡ್. ರಸವನ್ನು ಮುಚ್ಚಳ ತೆರೆದು ಜೋರಾಗಿ ಕುದಿಸಿದ್ದರೆ ಅದು ಆವಿಯೊಡನೆ ಹೋಗಿಬಿಡುತ್ತಿತ್ತು. ಆಸ್ಪತ್ರೆಯ ವಾಸನೆಯೆಂದರೆ ತೊಳೆಯಲು ಬಳಸಿದ ಕ್ಲೋರಿನ್ ಎಲ್ಲೋ ಉಳಿದಿದೆ. ಹೊರಗೆ ಬಿಸಿಲಿನಲ್ಲಿ ಕುಳಿತವರು ಮಾತ್ರ ಏನೋ ಸುಟ್ಟ ರಬ್ಬರಿನಂತಿದೆ ಎಂದರೆ ಯಾರ ತಪ್ಪೂ ಇಲ್ಲ: ಬೆಳಕು ಬಿದ್ದಾಗ ಹಾಪ್ಸ್‌ನ ಕಹಿ ಆಮ್ಲಗಳು ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ, ಮತ್ತು ಪಾರದರ್ಶಕ ಗ್ಲಾಸಿನಲ್ಲಿ ಅದಕ್ಕೆ ಕೆಲವೇ ನಿಮಿಷ ಸಾಕು. ನೆರಳಿನ ಮೇಜಿಗೆ ಬರುವಂತೆ ವಿನಂತಿಸಿ ಹೊಸ ಗ್ಲಾಸು ಕೊಟ್ಟರೆ ಮುಗಿಯಿತು.

ದೋಷವಲ್ಲದ ದೂರುಗಳೂ ಇವೆ. ಗೋಧಿ ಬಿಯರ್ ಮಬ್ಬಾಗಿರುವುದು ಸಹಜ; ಅದರಲ್ಲಿ ಬಾಳೆಹಣ್ಣು ಮತ್ತು ಲವಂಗದ ವಾಸನೆ ಬರುವುದು ಆ ಜಾತಿಯ ಯೀಸ್ಟಿನ ಸಹಜ ಗುಣ. ಹಣ್ಣನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ. ಕಪ್ಪು ಬಣ್ಣದ ಬಿಯರಾದ ಸ್ಟೌಟ್ ಸಾಕಷ್ಟು ತಣ್ಣಗಿಲ್ಲ ಎನ್ನುವವರಿಗೆ, ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಕೊಟ್ಟರೆ ಮಾತ್ರ ಹುರಿದ ಮಾಲ್ಟಿನ ರುಚಿ ಬಿಚ್ಚಿಕೊಳ್ಳುತ್ತದೆ ಎಂದು ವಿವರಿಸಬಹುದು. ಆದರೆ ವಿವರಣೆಯನ್ನು ಗ್ಲಾಸು ತುಂಬುವ ಮೊದಲು ಕೊಡಬೇಕು. ಕೇಳದೆಯೇ ಒಂದು ಸಣ್ಣ ಗುಟುಕು ರುಚಿ ನೋಡಲು ಕೊಡುವುದು ಆಮೇಲಿನ ಅರ್ಧ ಗಂಟೆಯ ಪಾಠಕ್ಕಿಂತ ಮೇಲು. ದೊಡ್ಡ ಗ್ಲಾಸು ಮುಂದಿಟ್ಟುಕೊಂಡು ನಿರಾಶರಾದವರಿಗೆ ಯೀಸ್ಟಿನ ಜಾತಿ ಕಟ್ಟಿಕೊಂಡು ಏನಾಗಬೇಕಿದೆ?

‘ಹೋದ ಸಲ ಕುಡಿದದ್ದೇ ಬೇರೆ’ ಎಂಬ ಮಾತನ್ನಂತೂ ನಾನು ಎಂದೂ ಅಲ್ಲಗಳೆಯುವುದಿಲ್ಲ, ಏಕೆಂದರೆ ಅದು ನಿಜ. ದೊಡ್ಡ ಕಾರ್ಖಾನೆಗಳು ಹಲವು ಬ್ಯಾಚುಗಳನ್ನು ಬೆರೆಸಿ ವ್ಯತ್ಯಾಸವನ್ನು ಅಳಿಸಿಬಿಡುತ್ತವೆ. ಬ್ರೂಪಬ್‌ನಲ್ಲಿ ಒಂದು ಟ್ಯಾಂಕು ಖಾಲಿಯಾದ ಮೇಲೆ ಮುಂದಿನದು ಬಾಯಿ ತೆರೆಯುತ್ತದೆ, ನಡುವೆ ಬೆರಕೆಗೆ ಅವಕಾಶವೇ ಇಲ್ಲ. ಹಾಪ್ಸ್‌ನ ಬೆಳೆ ಬದಲಾಗಿರುತ್ತದೆ, ಮಾಲ್ಟಿನ ಚೀಲ ಬದಲಾಗಿರುತ್ತದೆ, ಒಂದು ಬ್ಯಾಚಿನ ತಳದಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಾ ಬಂದ ಯೀಸ್ಟ್ ತಲೆಮಾರು ಕಳೆದಂತೆ ದಣಿದಿರುತ್ತದೆ. ಅದೂ ಅಲ್ಲದೆ ಒಂದೇ ಟ್ಯಾಂಕಿನ ಐಪಿಎಯಲ್ಲಿ ಮೊದಲ ವಾರದ ಹಾಪ್ಸ್ ಪರಿಮಳ ಆರನೇ ವಾರಕ್ಕೆ ಉಳಿದಿರುವುದಿಲ್ಲ.

ನಾನು ಇಷ್ಟೆಲ್ಲ ಬಲ್ಲವನಂತೆ ಬರೆಯುತ್ತಿರುವಾಗ ಒಂದು ಸಂಜೆಯ ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಮೂಲೆಯ ಮೇಜಿನ ಹಿರಿಯರೊಬ್ಬರು ತಮ್ಮ ಲಾಗರಿನಲ್ಲಿ (ತಣ್ಣಗಿನ ಉಷ್ಣತೆಯಲ್ಲಿ ನಿಧಾನವಾಗಿ ಹುದುಗಿಸಿದ ಬಿಯರಿನಲ್ಲಿ) ಬೆಣ್ಣೆಯ ವಾಸನೆ ಬರುತ್ತಿದೆ ಎಂದರು. ನಾನು ಆ ಗ್ಲಾಸಿನ ಬಿಯರನ್ನೇ ಇನ್ನೊಂದು ಗ್ಲಾಸಿಗೆ ಬಗ್ಗಿಸಿಕೊಂಡು ಮೂಸಿದೆ, ಕುಡಿದೆ, ನನಗೇನೂ ಸಿಗಲಿಲ್ಲ. ‘ಬಿಯರ್ ಸರಿಯಾಗಿಯೇ ಇದೆ ಸರ್’ ಎಂದು ಬಿಟ್ಟೆ. ಅವರು ವಾದಿಸಲಿಲ್ಲ, ಮುಕ್ಕಾಲು ಗ್ಲಾಸು ಹಾಗೆಯೇ ಬಿಟ್ಟು, ಹಣ ಕೊಟ್ಟು ಎದ್ದುಹೋದರು. ಮರುದಿನ ಇನ್ನಿಬ್ಬರು ಅದೇ ಮಾತು ಹೇಳಿದಾಗ, ಗ್ಲಾಸು ತೊಳೆಯುವ ಹುಡುಗಿ ಪಕ್ಕದಲ್ಲಿ ನಿಂತು ಮೂಸಿ, ‘ಹೌದಲ್ಲ ಸರ್, ಬೆಣ್ಣೆ ಕಾಯಿಸಿದ ಹಾಗಿದೆ, ನಿಮಗೆ ಬರ್ತಾ ಇಲ್ವಾ?’ ಎಂದಳು.

ಆ ವಾಸನೆಯ ಹೆಸರು ಡೈಅಸಿಟೈಲ್. ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಸಾಮಾನ್ಯ ಮೂಗು ಅದನ್ನು ಹಿಡಿಯುತ್ತದೆ. ಕೆಲವರ ಮೂಗು ಮಾತ್ರ ಅದಕ್ಕೆ ಹುಟ್ಟಾ ಮಂದ. ನಾನು ಆ ಕೆಲವರಲ್ಲೊಬ್ಬ ಎಂಬುದು ಅಂದೇ ನನಗೆ ತಿಳಿದದ್ದು. ಹುದುಗುವಾಗ ಯೀಸ್ಟ್ ಹೊರಹಾಕಿದ ಪದಾರ್ಥವೊಂದು ಬಿಯರಿನಲ್ಲಿ ಡೈಅಸಿಟೈಲ್ ಆಗಿ ಮಾರ್ಪಡುತ್ತದೆ, ಸಮಯ ಕೊಟ್ಟರೆ ಅದೇ ಯೀಸ್ಟ್ ಅದನ್ನು ಮರಳಿ ನುಂಗುತ್ತದೆ. ಅದಕ್ಕಾಗಿಯೇ ಲಾಗರನ್ನು ತಣ್ಣಗಾಗಿಸುವ ಮೊದಲು ಎರಡು ಮೂರು ದಿನ 16 ಡಿಗ್ರಿಯ ಸುತ್ತಮುತ್ತ ಬಿಡುತ್ತೇವೆ. ಹಾಗಾಗಿ ನನ್ನ ಗುಮಾನಿ ಟ್ಯಾಂಕಿನ ಮೇಲೆಯೇ ಹೋಯಿತು. ಆದರೆ ಟ್ಯಾಂಕಿನಿಂದ ನೇರವಾಗಿ ತೆಗೆದ ಬಿಯರಿನಲ್ಲಿ ಆ ಹುಡುಗಿಗೆ ಏನೂ ಸಿಗಲಿಲ್ಲ, ನಲ್ಲಿಯಿಂದ ಬಂದದ್ದರಲ್ಲಿ ಮಾತ್ರ ಸಿಕ್ಕಿತು. ನಲ್ಲಿಯನ್ನು ಬಿಚ್ಚಿ ಒಳಬಾಯಿಗೆ ಬೆರಳಾಡಿಸಿದರೆ ಬೂದು ಬಣ್ಣದ ಲೋಳೆ. ಬಿಯರ್ ಲೈನುಗಳಲ್ಲಿ ನೆಲೆಯೂರುವ ಕೆಲವು ಬ್ಯಾಕ್ಟೀರಿಯಾಗಳೂ ಡೈಅಸಿಟೈಲ್ ತಯಾರಿಸುತ್ತವೆ. ಎರಡು ವಾರಕ್ಕೊಮ್ಮೆ ಶೇಕಡಾ 2ರ ಕಾಸ್ಟಿಕ್ ಸೋಡಾ ದ್ರಾವಣವನ್ನು ಲೈನಿನಲ್ಲಿ ಕಾಲು ಗಂಟೆ ಸುತ್ತಿಸಬೇಕಿತ್ತು, ನಲ್ಲಿಯನ್ನು ಬಿಚ್ಚಿ ಉಜ್ಜಬೇಕಿತ್ತು. ರಜೆಯ ದಿನಗಳ ನೂಕುನುಗ್ಗಲಿನಲ್ಲಿ ಆ ಸರದಿ ತಪ್ಪಿಹೋಗಿತ್ತು, ಮತ್ತು ಅದನ್ನು ‘ನಾಳೆ ಮಾಡಿದರಾಯಿತು’ ಎಂದು ಮುಂದೂಡಿದವನು ನಾನೇ.

ಅಂದಿನಿಂದ ದೂರಿನ ವಹಿಯಲ್ಲಿ ಗ್ರಾಹಕರ ಮಾತಿನ ಜೊತೆಗೆ ನಲ್ಲಿಯ ಸಂಖ್ಯೆ, ಗಂಟೆ, ಅದು ಅವರ ಎಷ್ಟನೆಯ ಗ್ಲಾಸು ಎಂಬುದನ್ನೂ ಬರೆಯುತ್ತೇವೆ. ಒಂದೇ ನಲ್ಲಿಯ ದೂರಾದರೆ ಲೈನು, ಹಲವು ನಲ್ಲಿಗಳಲ್ಲಿ ಬೇರೆ ಬೇರೆ ಬಿಯರಿಗೆ ಒಂದೇ ದೂರಾದರೆ ಗ್ಲಾಸು, ಒಂದೇ ಬಿಯರಿಗೆ ಎಲ್ಲ ನಲ್ಲಿಗಳಲ್ಲೂ ಆದರೆ ಟ್ಯಾಂಕು ಎಂದು ಬೇರ್ಪಡಿಸಲು ಇಷ್ಟು ಸಾಕಾಗುತ್ತದೆ. ‘ಚೆನ್ನಾಗಿದೆಯಾ?’ ಎಂದು ಕೇಳುವುದನ್ನು ಬಡಿಸುವವರಿಗೆ ಬಿಡಿಸಿದ್ದೇನೆ, ಆ ಪ್ರಶ್ನೆಗೆ ಸಜ್ಜನರು ಹೌದೆಂದೇ ಹೇಳುತ್ತಾರೆ. ‘ಏನು ರುಚಿ ಸಿಗುತ್ತಿದೆ?’ ಎಂದರೆ ಯೋಚಿಸಿ ಹೇಳುತ್ತಾರೆ. ಹೊಸ ಲಾಗರಿನ ಟ್ಯಾಂಕು ಬಡಿಸಲು ತೆರೆಯುವ ಮೊದಲು ಎರಡು ಮಾದರಿ ತೆಗೆದು, ಒಂದನ್ನು ಮುಚ್ಚಿದ ಜಾಡಿಯಲ್ಲಿ 60 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಇಟ್ಟು ತಣಿಸುತ್ತೇವೆ, ಅಡಗಿರುವ ಡೈಅಸಿಟೈಲ್ ಇದ್ದರೆ ಆ ಶಾಖಕ್ಕೆ ಹೊರಬೀಳುತ್ತದೆ. ಎರಡನ್ನೂ ಮೂಸುವ ಕೆಲಸ ನನ್ನದಲ್ಲ. ಗ್ಲಾಸು ತೊಳೆಯುವುದನ್ನು ಬಿಟ್ಟು ಈಗ ನನ್ನ ಜೊತೆ ಟ್ಯಾಂಕುಗಳ ಕೆಲಸಕ್ಕೆ ಬಂದಿರುವ ಆ ಹುಡುಗಿ ಮೂಸಿ ತಲೆ ಅಲ್ಲಾಡಿಸಿದರೆ, ಬಾರಿನಲ್ಲಿ ಎಷ್ಟೇ ಜನ ಕಾಯುತ್ತಿರಲಿ, ಆ ಟ್ಯಾಂಕು ಇನ್ನೆರಡು ದಿನ ಮುಚ್ಚಿಯೇ ಇರುತ್ತದೆ.